ಟೆಕ್ಸಸ್ ಎ ಅಂಡ್ ಎಮ್‌ನ 2022ರ ಬ್ಯಾಚ್ ಎಲ್ಲಿ ಹೋಯಿತು?

2022ರ ಫೆಬ್ರವರಿ 2, ಬುಧವಾರ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಅದು ಸೈನಿಂಗ್ ಡೇ. ಹೈಸ್ಕೂಲು ಮುಗಿಸುತ್ತಿರುವ ಹುಡುಗರು ಇಂಥ ಕಾಲೇಜಿಗೆ ಆಡುತ್ತೇವೆ ಎಂದು ಸಹಿ ಹಾಕುವ ದಿನ. ಆ ದಿನ ಮುಗಿಯುವ ಹೊತ್ತಿಗೆ ಟೆಕ್ಸಸ್ ಎ ಅಂಡ್ ಎಮ್ ವಿಶ್ವವಿದ್ಯಾಲಯದ ಬ್ಯಾಚ್ ದೇಶದಲ್ಲೇ ಮೊದಲ ಸ್ಥಾನದಲ್ಲಿತ್ತು. ಟು ಫೋರ್ ಸೆವೆನ್ ಸ್ಪೋರ್ಟ್ಸ್ ಎಂಬ ಸಂಸ್ಥೆಯ ಒಟ್ಟು ಲೆಕ್ಕದಲ್ಲಿ ಆ ಬ್ಯಾಚ್‌ಗೆ ಕೊನೆಗೆ ಸಿಕ್ಕಿದ್ದು 333 ಅಂಕ. ಅಲ್ಲಿಯವರೆಗೆ ಯಾವ ಕಾಲೇಜಿಗೂ ಅಷ್ಟು ಅಂಕ ಸಿಕ್ಕಿರಲಿಲ್ಲ. 2011ರಿಂದ 2021ರವರೆಗೆ ಆ ಪಟ್ಟಿಯ ಮೊದಲ ಸ್ಥಾನ ಅಲಬಾಮಕ್ಕೆ, ಇಲ್ಲವೇ ಜಾರ್ಜಿಯಾಕ್ಕೆ. ಮೂರನೆಯವರಿಗೆ ಅಲ್ಲಿ ಜಾಗವೇ ಇರಲಿಲ್ಲ.

ಎರಡು ವರ್ಷದೊಳಗೆ ಆ ಬ್ಯಾಚನ್ನು ಕಟ್ಟಿದ ಕೋಚ್ ಕೆಲಸ ಕಳೆದುಕೊಂಡರು. ದೊಡ್ಡ ಹೆಸರಿನ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇರೆ ಕಾಲೇಜುಗಳ ಜೆರ್ಸಿ ಹಾಕಿಕೊಂಡಿದ್ದರು. ಅಭಿಮಾನಿಗಳನ್ನು ನೋಡಿ ನಕ್ಕವರು ತುಂಬಾ ಜನ. ಹುಡುಗರ ಮೇಲೆ ಕಟ್ಟಿದ ಆಸೆ ಹೀಗೇ ಆಗುವುದು ಅಂದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅವರ ಆಸೆಗೆ ಲೆಕ್ಕವಿತ್ತು, ಕಾರಣವಿತ್ತು. ಕೈಕೊಟ್ಟದ್ದು ಕಾಲದ ಅಂದಾಜು. ಹುಡುಗರು ಮೂರು ವರ್ಷ ಒಂದೇ ಕಡೆ ಇದ್ದು ಬೆಳೆಯುತ್ತಾರೆ ಎಂಬ ಹಳೆಯ ಅಂದಾಜಿನ ಮೇಲೆ ಆ ಆಸೆ ನಿಂತಿತ್ತು. ಆ ಅಂದಾಜನ್ನು ಕೆಡವಿದ ನಿಯಮಗಳು ಅದೇ ಹೊತ್ತಿಗೆ ಜಾರಿಗೆ ಬಂದಿದ್ದವು.

ಯಾರು ಈ ಆ್ಯಗೀಸ್

ಕಾಲೇಜ್ ಸ್ಟೇಶನ್ ಎಂಬುದು ಹ್ಯೂಸ್ಟನ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ ದೂರದ ಊರು. ಊರಿನ ಹೆಸರೇ ಹೇಳುವ ಹಾಗೆ ಅಲ್ಲಿ ಎಲ್ಲವೂ ಕಾಲೇಜಿನ ಸುತ್ತ. ಟೆಕ್ಸಸ್ ಎ ಅಂಡ್ ಎಮ್‌ನ ತಂಡಕ್ಕೂ ವಿದ್ಯಾರ್ಥಿಗಳಿಗೂ ಆ್ಯಗೀಸ್ ಎಂದು ಹೆಸರು. ನಮ್ಮವರಿಗೆ ಈ ಜಾಗ ಹೊಸದಲ್ಲ. ಎಂಜಿನಿಯರಿಂಗ್‌ನಲ್ಲಿ ಎಂಎಸ್ ಮಾಡಲು ಭಾರತದಿಂದ ಪ್ರತಿ ವರ್ಷ ಹೋಗುವ ದೊಡ್ಡ ಗುಂಪಿನಲ್ಲಿ ಕನ್ನಡದ ಹುಡುಗ ಹುಡುಗಿಯರೂ ಇರುತ್ತಾರೆ. ಮೊದಲ ವರ್ಷ ಆಟ ಅರ್ಥವಾಗುವುದಿಲ್ಲ. ಆದರೂ ಶನಿವಾರ ಮೆರೂನ್ ಬಣ್ಣದ ಟೀ ಶರ್ಟ್ ಹಾಕಿಕೊಂಡು ಹೋಗಿ ನಿಂತುಬಿಡುತ್ತಾರೆ.

ನಿಂತುಬಿಡುತ್ತಾರೆ ಎಂದದ್ದು ನಿಜವಾದ ಅರ್ಥದಲ್ಲೇ. ಕೈಲ್ ಫೀಲ್ಡ್ ಸ್ಟೇಡಿಯಂನಲ್ಲಿ 1,02,733 ಜನ ಹಿಡಿಸುತ್ತಾರೆ. ಅಲ್ಲಿನ ವಿದ್ಯಾರ್ಥಿಗಳು ಪಂದ್ಯ ಮುಗಿಯುವವರೆಗೆ ಕೂರುವುದಿಲ್ಲ. 1922ರ ಜನವರಿಯಲ್ಲಿ ಡಲ್ಲಾಸ್‌ನಲ್ಲಿ ನಡೆದ ಪಂದ್ಯವೊಂದರಲ್ಲಿ ಗಾಯಗಳಿಂದ ತಂಡಕ್ಕೆ ಆಟಗಾರರು ಕಡಿಮೆ ಬಿದ್ದರು. ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಪ್ರೇಕ್ಷಕರ ಕಡೆಯಿಂದ ಕರೆಸಿ ಜೆರ್ಸಿ ಹಾಕಿಸಿದರು. ಅವನು ಕೊನೆಯವರೆಗೂ ಅಂಚಿನಲ್ಲಿ ನಿಂತು ಕಾದ. ಅಂದಿನಿಂದ ಬಂದದ್ದು ಹನ್ನೆರಡನೆಯ ಆಟಗಾರ ಎಂಬ ಪದ್ಧತಿ. ಮೈದಾನದಲ್ಲಿ ಹನ್ನೊಂದು ಜನ, ಹನ್ನೆರಡನೆಯವರು ನಾವು. ಬೇಕಾದರೆ ಇಳಿಯುತ್ತೇವೆ, ಅದಕ್ಕೇ ನಿಂತಿದ್ದೇವೆ.

ಇಷ್ಟು ನಿಷ್ಠೆಯ ಜನಕ್ಕೆ ಸಿಕ್ಕಿದ್ದು ಮಾತ್ರ ಕಡಿಮೆ. ರಾಷ್ಟ್ರ ಚಾಂಪಿಯನ್ ಆಗಿದ್ದು 1939ರಲ್ಲಿ. ಆಮೇಲಿಲ್ಲ. ಕಾನ್ಫರೆನ್ಸ್, ಅಂದರೆ ಹಲವು ಕಾಲೇಜುಗಳು ಸೇರಿದ ಲೀಗ್, ಕೊನೆಯ ಸಲ ಗೆದ್ದದ್ದು 1998ರಲ್ಲಿ. 2012ರಲ್ಲಿ ಎಸ್‌ಇಸಿ ಎಂಬ ಅತಿ ಕಷ್ಟದ ಕಾನ್ಫರೆನ್ಸ್‌ಗೆ ಸೇರಿದರು. ಅದೇ ವರ್ಷ ಜಾನಿ ಮಾನ್ಜೆಲ್ ಎಂಬ ಹುಡುಗ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದ. ಆಸೆ ಆಕಾಶಕ್ಕೇರಿತು. ಆದರೆ ಟ್ರೋಫಿ ಬರಲಿಲ್ಲ. ದುಡ್ಡಿದೆ, ಜನರಿದ್ದಾರೆ, ಸುತ್ತಮುತ್ತ ದೇಶದಲ್ಲೇ ಒಳ್ಳೆಯ ಹೈಸ್ಕೂಲು ಫುಟ್‌ಬಾಲ್ ಇದೆ. ಇನ್ನೇನು ಬೇಕು? ಈ ಪ್ರಶ್ನೆಯನ್ನು ಆ್ಯಗೀ ಅಭಿಮಾನಿಗಳು ದಶಕಗಳಿಂದ ಕೇಳಿಕೊಂಡು ಬಂದಿದ್ದಾರೆ.

2017ರ ಡಿಸೆಂಬರ್‌ನಲ್ಲಿ ಜಿಂಬೊ ಫಿಷರ್ ಅವರನ್ನು ಕರೆತಂದರು. ಫ್ಲೋರಿಡಾ ಸ್ಟೇಟ್‌ಗೆ 2013ರಲ್ಲಿ ಚಾಂಪಿಯನ್ ಪಟ್ಟ ತಂದುಕೊಟ್ಟ ಕೋಚ್ ಅವರು. ಹತ್ತು ವರ್ಷ, 75 ಮಿಲಿಯನ್ ಡಾಲರ್. 2020ರಲ್ಲಿ ತಂಡ 9 ಗೆದ್ದು 1 ಸೋತಿತು, ದೇಶದಲ್ಲಿ ನಾಲ್ಕನೇ ಸ್ಥಾನದಲ್ಲಿ ಮುಗಿಸಿತು. 2021ರಲ್ಲಿ ಒಪ್ಪಂದವನ್ನು 2031ರವರೆಗೆ ಎಳೆದರು. ಈ ಸಲ ಸುಮಾರು 95 ಮಿಲಿಯನ್, ಅದೂ ಪೂರ್ತಿ ಖಾತ್ರಿಯಾಗಿ. ಈ ಖಾತ್ರಿ ಮುಂದೆ ದುಬಾರಿಯಾಯಿತು.

ನಕ್ಷತ್ರಗಳ ಲೆಕ್ಕ

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಐಪಿಎಲ್ ಹರಾಜಿನಲ್ಲಿ ತಂಡ ಆಟಗಾರನನ್ನು ಆರಿಸುತ್ತದೆ. ಇಲ್ಲಿ ಉಲ್ಟಾ, ಹುಡುಗ ಕಾಲೇಜನ್ನು ಆರಿಸುತ್ತಾನೆ. ಕೋಚ್‌ಗಳು ಅವನ ಮನೆಗೆ ಹೋಗಿ ಅಮ್ಮನ ಜೊತೆ ಊಟ ಮಾಡುತ್ತಾರೆ, ಅಜ್ಜಿಗೆ ನಮಸ್ಕಾರ ಹೇಳುತ್ತಾರೆ, ಹೈಸ್ಕೂಲು ಕೋಚ್‌ನ ಸ್ನೇಹ ಮಾಡುತ್ತಾರೆ. ಹದಿನಾರು ಹದಿನೇಳರ ಹುಡುಗನಿಗೆ ದಿನಕ್ಕೆ ಹತ್ತಾರು ಮೆಸೇಜ್ ಬರುತ್ತವೆ. ಅವನು ಒಂದು ಕಾಲೇಜಿಗೆ ಬರುತ್ತೇನೆ ಎಂದು ಹೇಳಿದರೆ ಅದು ಕಮಿಟ್. ಬಾಯಿಮಾತು ಅಷ್ಟೇ, ಸಹಿ ಹಾಕುವವರೆಗೆ ಯಾವಾಗ ಬೇಕಾದರೂ ಬದಲಾಗಬಹುದು. ಬದಲಾದರೆ ಫ್ಲಿಪ್. 2017ರಿಂದ ಡಿಸೆಂಬರ್‌ನಲ್ಲೇ ಮೊದಲ ಸುತ್ತಿನ ಸಹಿ ಶುರುವಾಯಿತು. ಈಗ ಹೆಚ್ಚಿನವರು ಆಗಲೇ ಮುಗಿಸುತ್ತಾರೆ, ಉಳಿದವರಿಗೆ ಫೆಬ್ರವರಿ.

ಹುಡುಗರಿಗೆ ನಕ್ಷತ್ರ ಕೊಡುವ ಸಂಸ್ಥೆಗಳು ನಾಲ್ಕಾರು ಇವೆ. ಎರಡರಿಂದ ಐದು ನಕ್ಷತ್ರ. ಐದು ನಕ್ಷತ್ರ ಸಿಗುವುದು ದೇಶಕ್ಕೆಲ್ಲ ಮೂವತ್ತು ಚಿಲ್ಲರೆ ಹುಡುಗರಿಗೆ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, ಮೊದಲ ಸುತ್ತಿಗೆ 32 ಜನ. ಐದು ನಕ್ಷತ್ರದ ಸಂಖ್ಯೆಯೂ ಅದಕ್ಕೆ ಹೊಂದುವ ಹಾಗೆ ಇಟ್ಟುಕೊಂಡಿದ್ದಾರೆ. ಹುಡುಗರ ಅಂಕಗಳಿಂದ ಒಂದು ಸೂತ್ರದ ಪ್ರಕಾರ ಕಾಲೇಜಿನ ಅಂಕ ಬರುತ್ತದೆ.

ಇದೆಲ್ಲ ಸುಮ್ನೆ ಆಟ ಎಂದು ತಳ್ಳಿಹಾಕುವ ಹಾಗಿಲ್ಲ. ಬಡ್ ಎಲಿಯಟ್ ಎಂಬ ಪತ್ರಕರ್ತ ಬ್ಲೂ ಚಿಪ್ ರೇಶಿಯೋ ಎಂಬ ಲೆಕ್ಕ ಕಟ್ಟಿದರು. ಹಿಂದಿನ ನಾಲ್ಕು ವರ್ಷಗಳಲ್ಲಿ ಹೈಸ್ಕೂಲಿನಿಂದ ಸಹಿ ಹಾಕಿಸಿಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರು ನಾಲ್ಕು ಅಥವಾ ಐದು ನಕ್ಷತ್ರದವರಾಗಿರಬೇಕು, ಇಲ್ಲದಿದ್ದರೆ ಚಾಂಪಿಯನ್ ಆಗುವುದು ಕಷ್ಟ ಎನ್ನುತ್ತದೆ ಆ ಲೆಕ್ಕ. 2011ರಿಂದ 2024ರ ಋತುವಿನವರೆಗೆ ಗೆದ್ದವರೆಲ್ಲ ಆ ಗೆರೆ ದಾಟಿದವರೇ. ಕ್ಲೆಮ್ಸನ್, ಮಿಶಿಗನ್ ಸ್ವಲ್ಪದರಲ್ಲಿ ದಾಟಿದರು, ಆದರೆ ದಾಟಿದ್ದರು. ಹಾಗಾಗಿ ಫೆಬ್ರವರಿಯ ಆ ದಿನ 333 ಅಂಕ ನೋಡಿ ಕಣ್ಣಲ್ಲಿ ನೀರು ತಂದುಕೊಂಡ ಅಭಿಮಾನಿ ಹುಚ್ಚನಲ್ಲ. ಅವನಿಗೆ ಈ ಇತಿಹಾಸ ಗೊತ್ತಿತ್ತು.

ಗೊತ್ತಿದ್ದೂ ಮರೆತ ಇತಿಹಾಸವೂ ಇತ್ತು. 2010ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಬ್ಯಾಚ್ ಅದುವರೆಗಿನ ಅತ್ಯುತ್ತಮಗಳಲ್ಲಿ ಒಂದು ಎನ್ನಿಸಿಕೊಂಡಿತ್ತು. ಅದೇ ಋತುವಿನ ಕೊನೆಗೆ ಕೋಚ್ ಅರ್ಬನ್ ಮೇಯರ್ ಬಿಟ್ಟು ಹೋದರು. ಆ ಹುಡುಗರು ನಾಲ್ಕನೇ ವರ್ಷಕ್ಕೆ ಬಂದ 2013ರಲ್ಲಿ ಫ್ಲೋರಿಡಾ 4 ಗೆದ್ದು 8 ಸೋತಿತು.

ಅಕ್ಟೋಬರ್‌ನ ಆ ರಾತ್ರಿ

ಈ ಬ್ಯಾಚ್ ಹೇಗೆ ಕೂಡಿತು ಎಂದು ಕೇಳಿದರೆ ನಾನು 2021ರ ಅಕ್ಟೋಬರ್ 9ಕ್ಕೆ ಹೋಗುತ್ತೇನೆ. ಅಲಬಾಮ ಮೊದಲ ರ‍್ಯಾಂಕ್, ಸತತ 19 ಪಂದ್ಯ ಗೆದ್ದು ಬಂದಿತ್ತು. ಎ ಅಂಡ್ ಎಮ್ ಆಗಷ್ಟೇ ಎರಡು ಸೋತು ರ‍್ಯಾಂಕ್ ಪಟ್ಟಿಯಿಂದಲೇ ಹೊರಗೆ. ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಗಾಯಗೊಂಡು ಕೂತಿದ್ದ. ಬದಲಿಗೆ ಬಂದಿದ್ದ ಜ್ಯಾಕ್ ಕಲ್ಜಾಡಾನನ್ನು ಹಿಂದಿನ ವಾರಗಳಲ್ಲಿ ಅಭಿಮಾನಿಗಳೇ ಬೈದಿದ್ದರು.

ಕೊನೆಯ ಮೂರು ನಿಮಿಷದ ಹೊತ್ತಿಗೆ 38-31, ಅಲಬಾಮ ಮುಂದೆ. ಕಲ್ಜಾಡಾ ಟಚ್‌ಡೌನ್ (ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಬರುವುದು) ಎಸೆದ, ಎಸೆಯುವಾಗಲೇ ಕಾಲಿಗೆ ಪೆಟ್ಟು ತಿಂದು ಬಿದ್ದ. ಸ್ಕೋರ್ ಸಮ. ಅಲಬಾಮ ಚೆಂಡು ಬಿಟ್ಟುಕೊಟ್ಟಿತು. ಮುಂದಿನ ಸರದಿಗೆ ಕಲ್ಜಾಡಾ ಕುಂಟುತ್ತಲೇ ಮತ್ತೆ ಮೈದಾನಕ್ಕೆ ಬಂದ. ಕೊನೆಯ ಎರಡು ಸೆಕೆಂಡಿಗೆ ಸೆತ್ ಸ್ಮಾಲ್ ಎಂಬ ಕಿಕ್ಕರ್ 28 ಗಜದಿಂದ ಒದ್ದ. ಗಡಿಯಾರ ಸೊನ್ನೆ. 41-38. ಲಕ್ಷಕ್ಕೂ ಹೆಚ್ಚು ಜನ ಸೇರಿದ್ದ ಸ್ಟೇಡಿಯಂನಲ್ಲಿ ಹುಲ್ಲು ಕಾಣದ ಹಾಗೆ ಮೈದಾನಕ್ಕೆ ನುಗ್ಗಿದರು. ಹಾಗೆ ನುಗ್ಗಿದ್ದಕ್ಕೆ ಎಸ್‌ಇಸಿ ಕಾಲೇಜಿಗೆ 1,00,000 ಡಾಲರ್ ದಂಡ ಹಾಕಿತು. ಯಾರಿಗೂ ಬೇಸರವಾಗಲಿಲ್ಲ.

ಅಲಬಾಮದ ಆಗಿನ ಕೋಚ್ ನಿಕ್ ಸೇಬನ್ ಅವರ ಕೈಕೆಳಗೆ ಹಿಂದೆ ಕೆಲಸ ಮಾಡಿ ಆಮೇಲೆ ಅವರನ್ನೇ ಸೋಲಿಸಿದ ಮೊದಲ ಕೋಚ್ ಫಿಷರ್. ಅದಕ್ಕೂ ಮೊದಲು ಅಂಥ ಶಿಷ್ಯರ ಎದುರು ಸೇಬನ್ 24 ಪಂದ್ಯ ಆಡಿ 24ನ್ನೂ ಗೆದ್ದಿದ್ದರು. ಇಂಥ ದೊಡ್ಡ ಪಂದ್ಯಕ್ಕೆ ಕಾಲೇಜುಗಳು ತಮಗೆ ಬೇಕಾದ ಹೈಸ್ಕೂಲು ಹುಡುಗರನ್ನು ಕರೆಸಿ ಅಂಚಿನಲ್ಲೇ ನಿಲ್ಲಿಸುತ್ತವೆ. ಹದಿನೇಳರ ಹುಡುಗ ಆ ರಾತ್ರಿ ಆ ಸದ್ದು ಕೇಳಿದರೆ ಏನಾಗಬೇಕು ಹೇಳಿ.

ಡಿಸೆಂಬರ್‌ನಿಂದ ಒಬ್ಬೊಬ್ಬರಾಗಿ ಸಹಿ ಹಾಕಿದರು. ಟೆನ್ನೆಸ್ಸೀಯಿಂದ ವಾಲ್ಟರ್ ನೋಲನ್, ದೇಶದ ಅತ್ಯುತ್ತಮ ಡಿಫೆನ್ಸಿವ್ ಲೈನ್ ಹುಡುಗರಲ್ಲಿ ಒಬ್ಬ. ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಿಂದ ಕ್ವಾರ್ಟರ್‌ಬ್ಯಾಕ್ ಕಾನರ್ ವೈಗ್ಮನ್. ಡಲ್ಲಾಸ್ ಕಡೆಯ ಫ್ರಿಸ್ಕೊದಿಂದ ಎವನ್ ಸ್ಟೂವರ್ಟ್. ಹ್ಯೂಸ್ಟನ್ ಕಡೆಯಿಂದಲೇ ಡೆನ್ವರ್ ಹ್ಯಾರಿಸ್, ಕ್ರಿಸ್ ಮಾರ್ಶಲ್. ಫ್ಲೋರಿಡಾದಿಂದ ಗೇಬ್ರಿಯಲ್ ಬ್ರೌನ್‌ಲೋ ಡಿಂಡಿ. ಫೆಬ್ರವರಿ 2ರಂದು ಮಯಾಮಿ ಕಡೆಯ ಶೆಮಾರ್ ಸ್ಟೂವರ್ಟ್. ಆಮೇಲೆ ಜಾರ್ಜಿಯಾದ ಎಲ್‌ಟಿ ಓವರ್ಟನ್. ಒಟ್ಟು ಎಂಟು ಜನ ಐದು ನಕ್ಷತ್ರದವರು. ಕೆಲವು ಕಾಲೇಜುಗಳಿಗೆ ಹತ್ತು ವರ್ಷಕ್ಕೆ ಎಂಟು ಸಿಕ್ಕಿದರೆ ಹೆಚ್ಚು.

ಅದೇ ದಿನ ಒಂದು ಹೊಡೆತವೂ ಬಿತ್ತು. ಹೆರಾಲ್ಡ್ ಪರ್ಕಿನ್ಸ್ ಎಂಬ ಸೈಪ್ರೆಸ್‌ನ ಹುಡುಗ ಜನವರಿಯಲ್ಲಿ ಟೀವಿಯ ಮುಂದೆ ಎ ಅಂಡ್ ಎಮ್‌ಗೆ ಬರುತ್ತೇನೆ ಎಂದಿದ್ದ. ಸೈನಿಂಗ್ ಡೇ ದಿನ ಎಲ್‌ಎಸ್‌ಯುಗೆ, ಅಂದರೆ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ, ಸಹಿ ಹಾಕಿದ. 333ರ ಸಂಭ್ರಮದಲ್ಲಿ ಅದನ್ನು ಹೆಚ್ಚು ಜನ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆ ಶರತ್ಕಾಲದಲ್ಲಿ ಮೊದಲ ವರ್ಷದ ಹುಡುಗರ ಪೈಕಿ ದೇಶವೆಲ್ಲ ಮಾತಾಡಿದ್ದು ಪರ್ಕಿನ್ಸ್ ಬಗ್ಗೆ. ಅರ್ಕಾನ್ಸಸ್ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು ಸ್ಯಾಕ್, ಅಂದರೆ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡು ಎಸೆಯುವ ಮೊದಲೇ ನಾಲ್ಕು ಸಲ ಕೆಡವಿದ.

ದುಡ್ಡಿನ ಮಾತು

2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ, ಜನಪ್ರಿಯತೆಗೆ ಹಣ ಪಡೆಯಬಹುದು ಎಂದಾಯಿತು. ಇದನ್ನು ಎನ್‌ಐಎಲ್ ಅನ್ನುತ್ತಾರೆ. ಈ ಬ್ಯಾಚಿಗಾಗಿ ಶ್ರೀಮಂತ ಅಭಿಮಾನಿಗಳು 30 ಮಿಲಿಯನ್ ಡಾಲರ್ ಕೂಡಿಹಾಕಿದ್ದಾರೆ ಎಂಬ ಗಾಳಿಸುದ್ದಿ ಹಬ್ಬಿತು. ಫಿಷರ್ ಸಿಟ್ಟಾಗಿ ಸುಳ್ಳು ಎಂದರು. ಮೇ ತಿಂಗಳಲ್ಲಿ ಸೇಬನ್ ಬರ್ಮಿಂಗ್‌ಹ್ಯಾಮ್‌ನ ಸಭೆಯಲ್ಲಿ ಎ ಅಂಡ್ ಎಮ್ ತನ್ನ ಆಟಗಾರರನ್ನೆಲ್ಲ ಕೊಂಡುಕೊಂಡಿತು ಎಂದೇ ಹೇಳಿದರು. ಮರುದಿನ ಫಿಷರ್ ಪತ್ರಿಕಾಗೋಷ್ಠಿ ಕರೆದು ತಮ್ಮ ಹಳೆಯ ಗುರುವಿನ ಮೇಲೆ ಎಗರಿದರು. ಎಸ್‌ಇಸಿ ಇಬ್ಬರಿಗೂ ಎಚ್ಚರಿಕೆ ಕೊಟ್ಟಿತು, ಸೇಬನ್ ಕ್ಷಮೆ ಕೇಳಿದರು.

ಈ ಜಗಳದಲ್ಲಿ ನನಗೆ ನೋವಾಗುವುದು ಒಂದೇ ವಿಷಯಕ್ಕೆ. ಇಬ್ಬರು ದೊಡ್ಡವರು ಜಗಳವಾಡಿದರು, ಬಿರುದು ಹತ್ತಿದ್ದು ಹದಿನೆಂಟರ ಹುಡುಗರಿಗೆ. ಒಂದು ಪಂದ್ಯ ಆಡುವ ಮೊದಲೇ ಅವರು ಕೊಂಡು ತಂದ ಹುಡುಗರಾದರು. ಸೋತಾಗಲೆಲ್ಲ ಆ ಮಾತು ಮುಖಕ್ಕೆ ಬಂತು.

ಹಣ ಬಂದದ್ದು ಎಲ್ಲರ ಕಣ್ಣಿಗೆ ಬಿತ್ತು. ಇನ್ನೊಂದು ಬದಲಾವಣೆ ಅದಕ್ಕಿಂತ ದೊಡ್ಡದು, ಅದರ ಮೇಲೆ ಗಮನ ಕಡಿಮೆ ಹೋಯಿತು. ಮೊದಲು ಆಟಗಾರ ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರಲ್ಲಿ ಕಾಲೇಜು ಬದಲಿಸಲು ಬಯಸುವವರು ಹೆಸರು ಬರೆಸುವ ಟ್ರಾನ್ಸ್‌ಫರ್ ಪೋರ್ಟಲ್ ಬಂತು, 2021ರ ಏಪ್ರಿಲ್‌ನಲ್ಲಿ ಒಂದು ಸಲ ಕೂರದೆಯೇ ಬದಲಿಸಬಹುದು ಎಂದು ನಿಯಮವಾಯಿತು. 2024ರಲ್ಲಿ ಆ ಒಂದು ಸಲದ ಮಿತಿಯೂ ಹೋಯಿತು.

ಇದರ ಅರ್ಥವೇನು? ಸೇಬನ್ ಅವರ ಕಾಲದ ಅಲಬಾಮದಲ್ಲಿ ಐದು ನಕ್ಷತ್ರದ ಹುಡುಗ ಮೊದಲ ವರ್ಷ ಬೆಂಚಿನಲ್ಲಿ ಕೂತು, ಎರಡನೇ ವರ್ಷ ಆಗೊಮ್ಮೆ ಈಗೊಮ್ಮೆ ಆಡಿ, ಮೂರನೇ ವರ್ಷ ಪಂದ್ಯ ಗೆಲ್ಲಿಸುತ್ತಿದ್ದ. ಕೂರುವುದೇ ಆ ಪದ್ಧತಿಯ ತಳಪಾಯ. ಆ್ಯಗೀಸ್ ಲೆಕ್ಕವೂ ಅದೇ: 2022ರಲ್ಲಿ ಕಲಿಯುತ್ತಾರೆ, 2023ರಲ್ಲಿ ಬಲಿಯುತ್ತಾರೆ, 2024ರಲ್ಲಿ ಟ್ರೋಫಿ. ಎಲ್ಲರೂ ಬಾಯಿಬಿಟ್ಟು 2024 ಎನ್ನುತ್ತಿದ್ದರು. ಅಷ್ಟು ವರ್ಷ ಒಬ್ಬ ಹುಡುಗನನ್ನು ಹಿಡಿದಿಡುವ ನಿಯಮ ಯಾವುದೂ ಉಳಿದಿರಲಿಲ್ಲ.

ಸೆಪ್ಟೆಂಬರ್ 10

2022ರ ಋತು ಶುರುವಾದಾಗ ಎ ಅಂಡ್ ಎಮ್‌ಗೆ ಆರನೇ ರ‍್ಯಾಂಕ್. ಎರಡನೇ ಪಂದ್ಯ ಅಪಲಾಚಿಯನ್ ಸ್ಟೇಟ್ ವಿರುದ್ಧ, ಕೈಲ್ ಫೀಲ್ಡ್‌ನಲ್ಲೇ. ನಾರ್ತ್ ಕ್ಯಾರೊಲೈನಾದ ಗುಡ್ಡಗಾಡಿನ ಕಾಲೇಜು ಅದು. ಇಂಥ ಸಣ್ಣ ತಂಡಗಳಿಗೆ ದೊಡ್ಡ ಕಾಲೇಜುಗಳು ದುಡ್ಡು ಕೊಟ್ಟು ಆಡಲು ಕರೆಸುತ್ತವೆ. ಇವರಿಗೆ ಕೊಟ್ಟದ್ದು 1.5 ಮಿಲಿಯನ್ ಡಾಲರ್. ಹಿಂದಿನ ರಾತ್ರಿ ಮಿಡ್‌ನೈಟ್ ಯೆಲ್ ಎಂಬ ಕೂಗಿನ ಸಭೆಯಲ್ಲಿ ಬಂದವರನ್ನು ಹಳ್ಳಿ ಗಮಾರರು ಎಂದು ಅಣಕಿಸಿದ್ದರು.

ಪಂದ್ಯ 17-14ಕ್ಕೆ ಮುಗಿಯಿತು. ಗೆದ್ದವರು ಅಪಲಾಚಿಯನ್ ಸ್ಟೇಟ್. ಸ್ಕೋರಿಗಿಂತ ಒಳಗಿನ ಲೆಕ್ಕ ನೋಡಿ. ಅವರು ಚೆಂಡು ಕೈಯಲ್ಲಿಟ್ಟುಕೊಂಡು ಮಾಡಿದ ಪ್ರಯತ್ನ, ಅಂದರೆ ಪ್ಲೇ, 82, ಎ ಅಂಡ್ ಎಮ್ ಆಡಿದ್ದು ಬರೀ 38. ಅರವತ್ತು ನಿಮಿಷದ ಆಟದಲ್ಲಿ ನಲವತ್ತೊಂದು ನಿಮಿಷಕ್ಕೂ ಜಾಸ್ತಿ ಹೊತ್ತು ಚೆಂಡು ಅವರ ಹತ್ತಿರ. ಮೂರು ಗಜ, ನಾಲ್ಕು ಗಜ, ಮತ್ತೆ ಮೂರು ಗಜ. ಎ ಅಂಡ್ ಎಮ್‌ನ ಡಿಫೆನ್ಸ್ ಹುಡುಗರು ಸೊಂಟಕ್ಕೆ ಕೈ ಕೊಟ್ಟು ಉಸಿರೆಳೆಯುತ್ತಿದ್ದರು. ಅವರ ಎದುರು ಸಾಲಾಗಿ ನಿಂತವರಿಗೆ ಹೈಸ್ಕೂಲಿನಲ್ಲಿ ಎರಡು ಮೂರು ನಕ್ಷತ್ರ ಸಿಕ್ಕಿದ್ದರೆ ಹೆಚ್ಚು. ಆದರೆ ಅವರು ವರ್ಷಗಟ್ಟಲೆ ಒಂದೇ ಸಾಲಿನಲ್ಲಿ, ಅದೇ ಜೊತೆಗಾರರ ಪಕ್ಕ ಆಡಿದವರು. ಒಬ್ಬ ಹೆಜ್ಜೆ ಎತ್ತಿದರೆ ಇನ್ನೊಬ್ಬನಿಗೆ ಗೊತ್ತಾಗುತ್ತಿತ್ತು. ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ. ಕೊನೆಗೆ ಸಮ ಮಾಡಬಹುದಾಗಿದ್ದ ಕಿಕ್ ಕೂಡ ಹೊರಗೆ ಹೋಯಿತು.

ಮುಂದಿನ ವಾರ ಮಯಾಮಿಯನ್ನು, ಆಮೇಲೆ ಅರ್ಕಾನ್ಸಸ್‌ಅನ್ನು ಸೋಲಿಸಿದರು. ಆಮೇಲೆ ಸತತ ಆರು ಸೋಲು. ಅಲಬಾಮ ವಿರುದ್ಧ ಕೊನೆಯ ಎಸೆತದವರೆಗೂ ಹೋರಾಡಿ 24-20. ಅಕ್ಟೋಬರ್‌ನಲ್ಲಿ ಕೆಲವು ಮೊದಲ ವರ್ಷದ ಹುಡುಗರನ್ನು ಶಿಸ್ತಿನ ಕಾರಣಕ್ಕೆ ಅಮಾನತು ಮಾಡಿದರು. ಆಫೆನ್ಸ್, ಅಂದರೆ ಅಂಕ ಗಳಿಸುವ ಆಟದ ರೀತಿ, ಹಳೆಯ ಕಾಲದ್ದು, ನಿಧಾನ, ಓದಲು ಸುಲಭ ಎಂದು ಎಲ್ಲರೂ ಹೇಳಿದರು. ನನ್ನ ಮಟ್ಟಿಗೆ ಅದು ನಿಜ, ಹುಡುಗರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಅಷ್ಟು ಪ್ರತಿಭೆಯನ್ನು ಕೈಯಲ್ಲಿಟ್ಟುಕೊಂಡು ಪಂದ್ಯಕ್ಕೆ ಇಪ್ಪತ್ತು ಚಿಲ್ಲರೆ ಪಾಯಿಂಟ್ ಹೊಡೆಯಲು ಒದ್ದಾಡಿದ್ದು ಕೋಚಿಂಗ್‌ನ ಸೋಲು.

ನಡುವೆ ಆಸೆ ಮತ್ತೆ ಚಿಗುರಿದ್ದೂ ಉಂಟು. ಓಲ್ ಮಿಸ್ (ಮಿಸಿಸಿಪಿ ವಿಶ್ವವಿದ್ಯಾಲಯ) ವಿರುದ್ಧ ವೈಗ್ಮನ್ ಮೊದಲ ಬಾರಿಗೆ ಆರಂಭದಿಂದ ಆಡಿದ. 338 ಗಜ, ನಾಲ್ಕು ಟಚ್‌ಡೌನ್, ಎದುರಾಳಿ ಕೈಗೆ ಸಿಕ್ಕಿದ ಎಸೆತ, ಅಂದರೆ ಇಂಟರ್‌ಸೆಪ್ಶನ್, ಒಂದೂ ಇಲ್ಲ. ತಂಡ 31-28ಕ್ಕೆ ಸೋತರೂ ಅಭಿಮಾನಿಗಳು ನಗುತ್ತಾ ಮನೆಗೆ ಹೋದರು. ನವೆಂಬರ್ 26ರಂದು ಕೈಲ್ ಫೀಲ್ಡ್‌ಗೆ ಬಂದ ಐದನೇ ರ‍್ಯಾಂಕಿನ ಎಲ್‌ಎಸ್‌ಯುವನ್ನು 38-23ಕ್ಕೆ ಬಗ್ಗುಬಡಿದರು. ಋತುವಿನ ಒಟ್ಟು ಫಲ 5-7, 2009ರ ನಂತರ ಮೊದಲ ಬಾರಿಗೆ ಗೆಲುವಿಗಿಂತ ಸೋಲು ಹೆಚ್ಚು. ಆದರೂ ಆ ರಾತ್ರಿ ಜನ ಹೇಳಿದ್ದು ನೋಡಿದ್ರಾ, ಹುಡುಗ ಸಿಕ್ಕಿದ ಎಂದು.

ಬಾಗಿಲು ತೆರೆದಾಗ

ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಎ ಅಂಡ್ ಎಮ್ ಬಿಟ್ಟರು. ಹ್ಯಾರಿಸ್ ಎಲ್‌ಎಸ್‌ಯುಗೆ, ಮಾರ್ಶಲ್ ಓಲ್ ಮಿಸ್‌ಗೆ. ಇಬ್ಬರೂ ಅಲ್ಲೂ ನಿಲ್ಲಲಿಲ್ಲ. ಒಂದೇ ವರ್ಷದಲ್ಲಿ ಎಂಟರಲ್ಲಿ ಇಬ್ಬರು ಕಡಿಮೆ.

2023ರ ಸೆಪ್ಟೆಂಬರ್‌ನಲ್ಲಿ ಆಬರ್ನ್ ವಿರುದ್ಧ ವೈಗ್ಮನ್ ಕಾಲಿಗೆ ಗಾಯ, ಋತು ಅಲ್ಲಿಗೇ ಮುಗಿಯಿತು. ನವೆಂಬರ್ 11ರಂದು ಮಿಸಿಸಿಪಿ ಸ್ಟೇಟ್ ಅನ್ನು 51-10ಕ್ಕೆ ಸೋಲಿಸಿದರು. ಮರುದಿನ ಬೆಳಿಗ್ಗೆ ಫಿಷರ್ ಅವರನ್ನು ತೆಗೆದುಹಾಕಿದರು. ಆ ಖಾತ್ರಿ ಒಪ್ಪಂದದಿಂದಾಗಿ ಕೊಡಬೇಕಾದದ್ದು ಸುಮಾರು 76 ಮಿಲಿಯನ್ ಡಾಲರ್. ಒಬ್ಬ ಕಾಲೇಜು ಕೋಚ್‌ನನ್ನು ಮನೆಗೆ ಕಳಿಸಲು ಅಷ್ಟು ದುಡ್ಡು ಅದಕ್ಕೂ ಮೊದಲು ಯಾರೂ ಕೊಟ್ಟಿರಲಿಲ್ಲ. ಆರು ವರ್ಷಕ್ಕೆ ಫಿಷರ್ ಅವರ ಲೆಕ್ಕ 45 ಗೆಲುವು, 25 ಸೋಲು.

ಕರೆತಂದ ಕೋಚ್ ಹೋದ ಮೇಲೆ ಹುಡುಗರು ಯಾಕೆ ಇರಬೇಕು? ನೋಲನ್ ಓಲ್ ಮಿಸ್‌ಗೆ ಹೋದ. ಎವನ್ ಸ್ಟೂವರ್ಟ್ ಆರೆಗನ್‌ಗೆ. ಓವರ್ಟನ್ ಅಲಬಾಮಕ್ಕೆ. ಅಭಿಮಾನಿಗಳು ಮೂರು ವರ್ಷ ಕಾದಿದ್ದ 2024 ಬಂದಾಗ ಆ ಹುಡುಗರು ಎದುರಾಳಿ ತಂಡಗಳಲ್ಲಿದ್ದರು.

ಇಲ್ಲಿ ಅಭಿಮಾನಿಗಳ ವರ್ತನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಮಿಟ್ ಆದ ದಿನ ಹುಡುಗನಿಗೆ ಸಾವಿರಾರು ಜನ ಮನೆಗೆ ಸ್ವಾಗತ ಎಂದು ಬರೆದಿದ್ದರು. ಬಿಟ್ಟ ದಿನ ಅದರಲ್ಲಿ ಎಷ್ಟೋ ಜನ ದ್ರೋಹಿ ಎಂದರು, ಕೆಲವರು ಅದಕ್ಕಿಂತ ಕೆಟ್ಟದ್ದು ಬರೆದರು. ಎ ಅಂಡ್ ಎಮ್‌ನವರು ಮಾತ್ರ ಹೀಗೆ ಎಂದಲ್ಲ. 2021ರ ಡಿಸೆಂಬರ್ 15ರಂದು ಟ್ರಾವಿಸ್ ಹಂಟರ್ ಎಂಬ ಹೈಸ್ಕೂಲು ಹುಡುಗ ಫ್ಲೋರಿಡಾ ಸ್ಟೇಟ್ ಬಿಟ್ಟು ಜ್ಯಾಕ್ಸನ್ ಸ್ಟೇಟ್ ಆರಿಸಿಕೊಂಡಾಗಲೂ ಅವನು ಇದನ್ನೇ ಕೇಳಬೇಕಾಯಿತು. ಕೋಚ್ ಕೆಲಸ ಬಿಟ್ಟರೆ ಅದು ವೃತ್ತಿ. ಕಾಲೇಜು ಕೋಚ್‌ನನ್ನು ಬಿಟ್ಟರೆ ಅದು ಆಡಳಿತ. ಹತ್ತೊಂಬತ್ತರ ಹುಡುಗ ಬಿಟ್ಟರೆ ದ್ರೋಹ. ಇದು ತಪ್ಪು, ತಪ್ಪು ಎಂದೇ ಹೇಳಬೇಕು.

ಪ್ರತಿಭೆ ಸುಳ್ಳಾಗಿರಲಿಲ್ಲ

2025ರ ಏಪ್ರಿಲ್‌ನ ಎನ್‌ಎಫ್‌ಎಲ್ ಡ್ರಾಫ್ಟ್. ಮೊದಲ ಸುತ್ತಿನ 16ನೇ ಆಯ್ಕೆ ಅರಿಜೋನಾ ಕಾರ್ಡಿನಲ್ಸ್ ತಂಡದ್ದು: ವಾಲ್ಟರ್ ನೋಲನ್. 17ನೇದು ಸಿನ್ಸಿನಾಟಿ ಬೆಂಗಾಲ್ಸ್: ಶೆಮಾರ್ ಸ್ಟೂವರ್ಟ್. ಬೆನ್ನುಬೆನ್ನಿಗೆ, ಒಂದೇ ಬ್ಯಾಚಿನ ಇಬ್ಬರು. ನಕ್ಷತ್ರ ಕೊಟ್ಟವರ ಕಣ್ಣು ಮೋಸಹೋಗಿರಲಿಲ್ಲ.

ಆದರೆ ಒಬ್ಬನ ಹೆಸರಿನ ಮುಂದೆ ಓಲ್ ಮಿಸ್ ಎಂದಿತ್ತು. ಇನ್ನೊಬ್ಬ ಎ ಅಂಡ್ ಎಮ್‌ನಲ್ಲೇ ಮೂರು ವರ್ಷ ಇದ್ದವನು. ಆ ಮೂರು ವರ್ಷದಲ್ಲಿ ಅವನ ಒಟ್ಟು ಸ್ಯಾಕ್ ನಾಲ್ಕೂವರೆ, ಪರ್ಕಿನ್ಸ್ ಒಂದು ಮಧ್ಯಾಹ್ನ ಮಾಡಿದ್ದಕ್ಕಿಂತ ಅರ್ಧ ಜಾಸ್ತಿ. ಸ್ಟೂವರ್ಟ್ ಕೆಟ್ಟ ಆಟಗಾರ ಎಂದಲ್ಲ. ಎದುರಾಳಿಯನ್ನು ಕದಲಿಸುವ ಕೆಲಸ ಚೆನ್ನಾಗಿ ಮಾಡಿದ, ಅದು ಲೆಕ್ಕದಲ್ಲಿ ಕಾಣುವುದಿಲ್ಲ. ವೃತ್ತಿಪರ ತಂಡಗಳು ಕೊಂಡದ್ದು ಅವನ ಶರೀರವನ್ನು, ವೇಗವನ್ನು, ಮುಂದೆ ಏನಾಗಬಹುದು ಎಂಬುದನ್ನು. ಹೈಸ್ಕೂಲಿನಲ್ಲಿ ಐದು ನಕ್ಷತ್ರ ಸಿಕ್ಕಿದ್ದೂ ಅದಕ್ಕೇ. ಕಾಲೇಜಿಗೆ ಬೇಕಿದ್ದದ್ದು ಈ ಶನಿವಾರದ ಗೆಲುವು.

ಫಿಷರ್ ಜಾಗಕ್ಕೆ ಬಂದದ್ದು ಮೈಕ್ ಎಲ್ಕೊ. 2018ರಿಂದ 2021ರವರೆಗೆ ಎ ಅಂಡ್ ಎಮ್‌ನಲ್ಲೇ ಡಿಫೆನ್ಸ್ ನೋಡಿಕೊಂಡವರು, ಆಮೇಲೆ ಡ್ಯೂಕ್‌ಗೆ ಮುಖ್ಯ ಕೋಚ್ ಆಗಿ ಹೋದವರು. 2024ರ ಅಕ್ಟೋಬರ್ 26ರಂದು ಎಲ್‌ಎಸ್‌ಯು ಮತ್ತೆ ಕೈಲ್ ಫೀಲ್ಡ್‌ಗೆ ಬಂತು. ವೈಗ್ಮನ್ ಚೆಂಡು ಹಿಡಿದು ಒದ್ದಾಡುತ್ತಿದ್ದ, ತಂಡ ಹಿಂದೆ ಬಿದ್ದಿತ್ತು. ಮೂರನೇ ಕ್ವಾರ್ಟರ್‌ನಲ್ಲಿ ಎಲ್ಕೊ ಅವನನ್ನು ಕೂರಿಸಿ ಮಾರ್ಸೆಲ್ ರೀಡ್‌ನನ್ನು ಇಳಿಸಿದರು. ನ್ಯಾಶ್ವಿಲ್‌ನ ಹುಡುಗ, ಐದು ನಕ್ಷತ್ರದವನಲ್ಲ. ರೀಡ್ ಚೆಂಡು ಹಿಡಿದು ಓಡತೊಡಗಿದ. ಮೂರು ಟಚ್‌ಡೌನ್ ಓಡಿಯೇ ಗಳಿಸಿದ. ಎಲ್‌ಎಸ್‌ಯುಗೆ ಅವನನ್ನು ಹಿಡಿಯಲು ದಾರಿಯೇ ತೋಚಲಿಲ್ಲ. ಕೊನೆಯ ಸ್ಕೋರ್ 38-23. ಎರಡು ವರ್ಷದ ಹಿಂದೆ ವೈಗ್ಮನ್ ಗೆಲ್ಲಿಸಿದಾಗಲೂ ಅದೇ ಎದುರಾಳಿ, ಅದೇ ಮೈದಾನ, ಅದೇ 38-23. ಬೆಂಚಿನ ಪಕ್ಕ ನಿಂತ ವೈಗ್ಮನ್‌ಗೆ ಆಗ ಇಪ್ಪತ್ತೇ ಚಿಲ್ಲರೆ ವಯಸ್ಸು. ಆ ಋತುವಿನ ನಂತರ ಅವನು ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದ, ಮನೆಯ ಹತ್ತಿರಕ್ಕೆ. 2025ರಲ್ಲಿ ಅಲ್ಲಿ ಒಳ್ಳೆಯ ಋತು ಆಡಿದ. ಅದನ್ನು ಓದಿ ನನಗೆ ನಿಜಕ್ಕೂ ಖುಷಿಯಾಯಿತು.

ಎ ಅಂಡ್ ಎಮ್ 2025ರಲ್ಲಿ ಮೊದಲ 11 ಪಂದ್ಯ ಗೆದ್ದಿತು. ನೋಟರ್‌ಡೇಮ್‌ನ ಊರಿಗೇ ಹೋಗಿ 41-40ಕ್ಕೆ ಗೆದ್ದರು. ಟೆಕ್ಸಸ್ ವಿಶ್ವವಿದ್ಯಾಲಯದ ವಿರುದ್ಧ ಸೋತರೂ ರಾಷ್ಟ್ರ ಚಾಂಪಿಯನ್ ಯಾರು ಎಂದು ತೀರ್ಮಾನಿಸುವ ಪ್ಲೇಆಫ್‌ಗೆ ಮೊದಲ ಬಾರಿಗೆ ಬಂದರು, ಅಲ್ಲಿ ಮಯಾಮಿಗೆ 10-3ರಿಂದ ಸೋತರು. ಆ ತಂಡದಲ್ಲಿ ಯಾರಿದ್ದರು ನೋಡಿ. ಕ್ವಾರ್ಟರ್‌ಬ್ಯಾಕ್ ರೀಡ್. ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು ಬೆನ್ನಟ್ಟಿದ ಕ್ಯಾಶಿಯಸ್ ಹೋವೆಲ್, ಬೋಲಿಂಗ್ ಗ್ರೀನ್ ಎಂಬ ಸಣ್ಣ ಕಾಲೇಜಿನಿಂದ ಬಂದವನು. ಚೆಂಡು ಹಿಡಿಯುವವರಲ್ಲಿ ಕೆಸಿ ಕನ್ಸೆಪ್ಸಿಯನ್ ನಾರ್ತ್ ಕ್ಯಾರೊಲೈನಾ ಸ್ಟೇಟ್‌ನಿಂದ, ಮಾರಿಯೊ ಕ್ರೇವರ್ ಮಿಸಿಸಿಪಿ ಸ್ಟೇಟ್‌ನಿಂದ. 2022ರಲ್ಲಿ ಎ ಅಂಡ್ ಎಮ್‌ನಿಂದ ಹುಡುಗರನ್ನು ಹೊರಗೆ ಬಿಟ್ಟ ಅದೇ ಬಾಗಿಲಿನಿಂದ ಇವರು ಒಳಗೆ ಬಂದರು.

2022ರ ಬ್ಯಾಚಿನ ಕೆಲವರೂ ಅಲ್ಲಿದ್ದರು. ಲೂಸಿಯಾನದ ಲೆವಿಯಾನ್ ಮಾಸ್, ನಾಲ್ಕು ನಕ್ಷತ್ರದ ಓಟಗಾರ. 2024ರಲ್ಲಿ ತಂಡದ ಮುಖ್ಯ ಓಟಗಾರನಾಗಿದ್ದಾಗ ಮಂಡಿಗೆ ಗಾಯವಾಯಿತು. 2025ರಲ್ಲಿ ಮತ್ತೆ ಬಂದ. ಡಿಫೆನ್ಸ್‌ನ ಹಿಂಭಾಗ ಕಾಯುವ ಸೇಫ್ಟಿ ಬ್ರೈಸ್ ಆಂಡರ್ಸನ್ ಕೂಡ ನಾಲ್ಕೂ ವರ್ಷ ಅಲ್ಲೇ ಇದ್ದ. ಸೈನಿಂಗ್ ಡೇ ದಿನ ಎಲ್ಲರ ಬಾಯಲ್ಲಿದ್ದ ಹೆಸರುಗಳು ಇವಲ್ಲ.

2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ ಸುಮಾರು 20.5 ಮಿಲಿಯನ್ ಡಾಲರ್. ಹಾಗಾಗಿ ಆ್ಯಗೀ ಅಭಿಮಾನಿಗಳು ಈಗ ಎರಡು ಪಟ್ಟಿ ಇಟ್ಟುಕೊಳ್ಳುತ್ತಾರೆ. ಡಿಸೆಂಬರ್‌ನಲ್ಲಿ ಹೈಸ್ಕೂಲಿನಿಂದ ಬರುವ ಹುಡುಗರದ್ದು ಒಂದು. ಋತು ಮುಗಿದ ಮೇಲೆ ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ, ಯಾರು ಬರುತ್ತಾರೆ ಎನ್ನುವುದು ಇನ್ನೊಂದು. ಐದು ನಕ್ಷತ್ರದ ಹುಡುಗ ಕಮಿಟ್ ಆದರೆ ಈಗಲೂ ಕೂಗಾಡಿ ಸಂಭ್ರಮಿಸುತ್ತಾರೆ. ಆದರೆ ಮೊದಲು ಓದುವುದು ಎರಡನೇ ಪಟ್ಟಿಯನ್ನು.